‘ಇಲ್ಲ’ ಎಂದರೆ ಕೇಳಿಸಿಕೊಳ್ಳುವ ಮೃಗ

ಪ್ರಶ್ನೆ: ನನ್ನ ಮಗಳು ಹಾಸನದಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಪಠ್ಯಪುಸ್ತಕ ಕೆಳಗಿಟ್ಟರೆ ಅವಳ ಕೈಯಲ್ಲಿ ಐನೂರು, ಆರುನೂರು ಪುಟಗಳ ಇಂಗ್ಲಿಷ್ ಕಾದಂಬರಿ. ರೆಕ್ಕೆಯಿರುವ ರಾಜಕುಮಾರ, ಶಾಪ, ಮಾಯಾಲೋಕ, ನಡುವೆ ಪ್ರೇಮ. ರಾತ್ರಿ ಓದುತ್ತಾ ಅಳುವುದನ್ನೂ ಕಂಡಿದ್ದೇನೆ. ಕೇಳಿದರೆ ‘ನಿನಗೆ ಅರ್ಥವಾಗುವುದಿಲ್ಲ ಅಮ್ಮ’ ಎನ್ನುತ್ತಾಳೆ. ನಾನೂ ಓದುವವಳೇ, ತ್ರಿವೇಣಿ, ಎಂ.ಕೆ. ಇಂದಿರಾ ಅವರನ್ನು ಓದಿ ಬೆಳೆದವಳು. ಈ ಪುಸ್ತಕಗಳಲ್ಲಿ ಅಂಥದ್ದೇನಿದೆ? ನಾಳೆ ಇಂಥ ಗಂಡನೇ ಬೇಕೆಂದು ಕುಳಿತರೆ ಏನು ಗತಿ? ಕನ್ನಡ ಏಕೆ ಓದುವುದಿಲ್ಲ? ಪರೀಕ್ಷೆ ಮುಗಿಯುವವರೆಗಾದರೂ ಕಿತ್ತಿಡಬೇಕೆ?
– ಒಬ್ಬ ತಾಯಿ, ಹಾಸನ

ಉತ್ತರ: ಕಿತ್ತಿಡುವ ಮಾತು ಕೊನೆಗಿರಲಿ. ‘ಅಂಥದ್ದೇನಿದೆ’ ಎಂದು ಕೇಳುವ ಹಿರಿಯರು ಸಾಮಾನ್ಯವಾಗಿ ‘ಏನೂ ಇಲ್ಲ’ ಎಂಬ ಉತ್ತರವನ್ನು ಮೊದಲೇ ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ನಿಮ್ಮ ಪತ್ರ ಹಾಗಿಲ್ಲ. ಆದ್ದರಿಂದ ಅಲ್ಲಿಂದಲೇ ಹೊರಡುತ್ತೇನೆ.

ಹಾಸನದ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡುತ್ತಿದ್ದಾಗ ಈ ಪುಸ್ತಕಗಳು ಹುಡುಗಿಯರ ಬ್ಯಾಗಿನಿಂದ ನನ್ನ ಮೇಜಿಗೆ ಬರತೊಡಗಿದವು. ಕೆಲವನ್ನು ಅರ್ಧಕ್ಕೆ ಬಿಟ್ಟಿದ್ದೇನೆ. ಕೆಲವಕ್ಕಾಗಿ ನಿದ್ದೆಯನ್ನೂ ಬಿಟ್ಟಿದ್ದೇನೆ. ಕಥೆಯ ಎಲುಬುಗೂಡು ಹೆಚ್ಚುಕಡಿಮೆ ಒಂದೇ. ಹದಿನೇಳು, ಹದಿನೆಂಟರ ಹುಡುಗಿ. ಮನೆಯಲ್ಲಿ ಬಡತನ, ಅಥವಾ ತಂದೆತಾಯಿ ಇಲ್ಲ, ತಂಗಿಯನ್ನು ಕಾಪಾಡುವ ಹೊಣೆ ಇವಳ ಮೇಲೆ. ತಿಳಿದೋ ತಿಳಿಯದೆಯೋ ಅವಳು ಒಂದು ಗಡಿ ದಾಟುತ್ತಾಳೆ. ಆಚೆಗೆ ‘ಫೇ’ ಎಂದು ಕರೆಯುವ ಮಾಯಾಜೀವಿಗಳ ರಾಜ್ಯ. ನಮ್ಮ ಯಕ್ಷ ಗಂಧರ್ವರಿಗೆ ದೂರದ ದಾಯಾದಿಗಳು ಎನ್ನಬಹುದು. ಅಲ್ಲೊಬ್ಬ ನಾಯಕ. ಚೆಲುವ, ಅಪಾಯಕಾರಿ, ನೂರಾರು ವರ್ಷ ಬದುಕಿದವನು, ಮೊದಲ ನೋಟಕ್ಕೆ ಶತ್ರು. ಇನ್ನೂರು ಪುಟ ಇಬ್ಬರೂ ಮಾತಿನಲ್ಲೇ ಇರಿದುಕೊಳ್ಳುತ್ತಾರೆ. ಮುನ್ನೂರನೆಯ ಪುಟದ ಹೊತ್ತಿಗೆ ಕೈಗೆ ಕೈ ತಗಲುತ್ತದೆ. ಕೊನೆಯ ಪುಟದಲ್ಲಿ ಯಾರೋ ದ್ರೋಹ ಬಗೆದು, ಎರಡನೆಯ ಸಂಪುಟ ಕೊಳ್ಳದೆ ಗತಿಯಿಲ್ಲ ಎಂಬ ಸ್ಥಿತಿಗೆ ನಿಮ್ಮ ಮಗಳನ್ನು ತಂದು ನಿಲ್ಲಿಸುತ್ತದೆ. ಅವಳು ಅತ್ತಿದ್ದು ಬಹುಶಃ ಆ ಪುಟದಲ್ಲಿ.

ಈ ಎಲುಬು ಹಳೆಯದು. ಫ್ರಾನ್ಸಿನಲ್ಲಿ ವಿಲ್ನವ್ ಎಂಬ ಲೇಖಕಿ 1740ರಲ್ಲಿ ಸುಂದರಿ ಮತ್ತು ಮೃಗದ ಕಥೆಯೊಂದನ್ನು ಪ್ರಕಟಿಸಿದರು. ಲಂಡನ್ನಿನಲ್ಲಿ ದೊಡ್ಡವರ ಮನೆಯ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದ ಬೋಮೋ ಎಂಬ ಇನ್ನೊಬ್ಬ ಫ್ರೆಂಚ್ ಲೇಖಕಿ 1756ರಲ್ಲಿ ಅದನ್ನು ಚಿಕ್ಕದಾಗಿ, ಹುಡುಗಿಯರಿಗೆಂದೇ ಮತ್ತೆ ಬರೆದರು. ತಂದೆ ಒಂದು ಗುಲಾಬಿ ಕಿತ್ತ ತಪ್ಪಿಗೆ ಮಗಳು ಮೃಗದ ಅರಮನೆಗೆ ಹೋಗುತ್ತಾಳೆ. ಮಗಳ ಮದುವೆಯನ್ನು ತಂದೆಯೇ ನಿಶ್ಚಯಿಸುತ್ತಿದ್ದ ಕಾಲ ಅದು. ಮುಖ ಪರಿಚಯವಿಲ್ಲದವನ ಮನೆಗೆ ಕಾಲಿಡುವ ಹುಡುಗಿಯ ಭಯವೇ ಈ ಕಥೆಯಲ್ಲಿ ಮೃಗದ ರೂಪ ತಾಳಿದೆ ಎಂದು ಓದುವ ವಿದ್ವಾಂಸರಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಬೋಮೋ ಬರೆದ ಕಥೆಯ ಒಂದು ಸಣ್ಣ ವಿವರ. ಮೃಗ ಪ್ರತಿ ರಾತ್ರಿ ‘ನನ್ನನ್ನು ಮದುವೆಯಾಗುತ್ತೀಯಾ’ ಎಂದು ಕೇಳುತ್ತದೆ. ಅವಳು ಇಲ್ಲ ಎನ್ನುತ್ತಾಳೆ. ಮೃಗ ನಿಟ್ಟುಸಿರಿಟ್ಟು ಹೊರಟುಹೋಗುತ್ತದೆ. ಮನೆ ಅದರದ್ದು, ಬಲ ಅದರದ್ದು, ಹಲ್ಲು ಉಗುರು ಅದರದ್ದು. ಆದರೂ ಆ ಮನೆಯಲ್ಲಿ ನಡೆಯುವುದು ಅವಳ ‘ಇಲ್ಲ’.

ನನ್ನ ತಿಳಿವಳಿಕೆಯಂತೆ ಈ ಕಾದಂಬರಿಗಳ ಸೆಳೆತದ ತಿರುಳು ಇದೇ. ರೆಕ್ಕೆ, ಕಿರೀಟ, ಕತ್ತಿ ಎಲ್ಲ ಆಮೇಲಿನ ಅಲಂಕಾರ. ಕೊಲ್ಲಬಲ್ಲವನೊಬ್ಬ ಹುಡುಗಿಯ ಒಂದು ಮಾತಿಗೆ ನಿಲ್ಲುತ್ತಾನೆ. ಅವಳು ಏನು ಹೇಳುತ್ತಾಳೋ ಎಂದು ಕಾಯುತ್ತಾನೆ. ಅವಳು ಹೇಳಿದ್ದನ್ನು ಎರಡು ಸಂಪುಟಗಳ ನಂತರವೂ ನೆನಪಿಟ್ಟುಕೊಂಡಿರುತ್ತಾನೆ.

ಈಗ ನಿಮ್ಮ ಮಗಳ ದಿನವನ್ನೊಮ್ಮೆ ನೋಡಿ. ನನಗೆ ಅವಳು ಗೊತ್ತಿಲ್ಲ, ಆದರೆ ಹಾಸನದಲ್ಲಿ ವಿಜ್ಞಾನ ಓದುವ ಹುಡುಗಿಯ ದಿನ ಗೊತ್ತು. ಬೆಳಕು ಹರಿಯುವ ಮೊದಲೇ ಒಂದು ಟ್ಯೂಷನ್, ಆಮೇಲೆ ಕಾಲೇಜು, ಸಂಜೆ ಮತ್ತೊಂದು ಟ್ಯೂಷನ್, ರಾತ್ರಿ ನೀಟ್ ಅಥವಾ ಸಿಇಟಿಯ ಪ್ರಶ್ನೆಪತ್ರಿಕೆ. ಯಾವ ವಿಷಯ, ಯಾವ ಕೋಚಿಂಗ್, ಯಾವ ಊರಿನ ಕಾಲೇಜು, ಯಾವ ಬಟ್ಟೆ, ಎಷ್ಟು ಹೊತ್ತಿಗೆ ಮನೆಗೆ – ಅವಳ ವಿಷಯದ ತೀರ್ಮಾನಗಳೆಲ್ಲ ಅವಳನ್ನು ಬದಿಗೆ ಬಿಟ್ಟು ದೊಡ್ಡವರ ನಡುವೆ ಇತ್ಯರ್ಥವಾಗುತ್ತವೆ. ಪ್ರೀತಿಯಿಂದಲೇ, ನಿಜ. ಆದರೂ ಅವಳ ಹೌದು, ಇಲ್ಲಗಳಿಂದ ಏನೂ ಅಲುಗುವುದಿಲ್ಲ. ಅದೇ ವಯಸ್ಸಿನ ಹುಡುಗಿ ಪುಸ್ತಕದಲ್ಲಿ ಒಂದು ಮಾತು ಕೊಟ್ಟರೆ ರಾಜ್ಯ ಉರುಳುತ್ತದೆ.

ಈ ‘ಮಾತು ಕೊಡುವ’ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊರಗಿನಿಂದ ನೋಡುವವರು ಇದನ್ನು ಗಮನಿಸುವುದೇ ಇಲ್ಲ. ಫೇಗಳ ಕಲ್ಪನೆ ಬಂದಿರುವುದು ಬ್ರಿಟನ್ ಮತ್ತು ಐರ್ಲೆಂಡಿನ ಜಾನಪದದಿಂದ. ಈ ಬಗೆಯ ಬಹಳಷ್ಟು ಕಾದಂಬರಿಗಳಲ್ಲಿ ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಆದರೆ ನಿಜವನ್ನೇ ತಿರುಚಿ, ಅರ್ಧ ನುಂಗಿ, ಎದುರಿನವರು ತಪ್ಪು ತಿಳಿಯುವಂತೆ ಹೇಳುವುದರಲ್ಲಿ ಪಳಗಿದವರು. ಅವರೊಡನೆ ಒಪ್ಪಂದ ಮಾಡಿಕೊಂಡರೆ ಪ್ರತಿ ಶಬ್ದವನ್ನೂ ತೂಗಬೇಕು. ಹಾಗಾಗಿ ಪ್ರೇಮಸಂಭಾಷಣೆ ಎಂದರೆ ವಕೀಲರ ವಾದದಷ್ಟು ಎಚ್ಚರ ಬೇಡುವ ಆಟ. ‘ನಿನಗೆ ನಾನು ಕೇಡು ಮಾಡುವುದಿಲ್ಲ’ ಎಂದನೇ, ‘ಇಂದು ರಾತ್ರಿ ಮಾಡುವುದಿಲ್ಲ’ ಎಂದನೇ? ಹುಡುಗಿ ಗೆಲ್ಲುವುದು ಕತ್ತಿಯಿಂದಲ್ಲ, ಕಿವಿಯಿಂದ. ಒಳಗೂ ಅಲ್ಲದ ಹೊರಗೂ ಅಲ್ಲದ ಹೊಸ್ತಿಲ ಮೇಲೆ, ಹಗಲೂ ಅಲ್ಲದ ಇರುಳೂ ಅಲ್ಲದ ಹೊತ್ತಿನಲ್ಲಿ ಹಿರಣ್ಯಕಶಿಪುವಿನ ವರ ಮುರಿದ ಕಥೆ ಕೇಳಿ ಬೆಳೆದ ನಮಗೆ ಈ ಆಟ ಹೊಸದೇನಲ್ಲ. ಹೊಸತು ಇಷ್ಟೇ: ಸಂದು ಹುಡುಕುವವಳು ಇಲ್ಲಿ ಹದಿನೇಳರ ಹುಡುಗಿ, ದೇವರಲ್ಲ.

ಇನ್ನೊಂದು ವಿಷಯ ಇಲ್ಲಿನ ಓದುಗಿಗೇ ವಿಶೇಷವಾದದ್ದು. ಪ್ರೇಮಕಥೆಗೆ ಅಡ್ಡಿ ಬೇಕು. ಇಬ್ಬರನ್ನು ದೂರ ಇಡುವ ಕಾರಣ ಗಟ್ಟಿಯಾಗಿಲ್ಲದಿದ್ದರೆ ಕಥೆ ಐವತ್ತನೆಯ ಪುಟಕ್ಕೇ ಮುಗಿಯುತ್ತದೆ. ಇಂದಿನ ಅಮೆರಿಕದ ನಗರದಲ್ಲಿ ನಡೆಯುವ ಕಥೆಗೆ ಅಂಥ ಅಡ್ಡಿ ಸಿಗುವುದು ಕಷ್ಟ. ಒಂದು ಮೊಬೈಲ್ ಸಂದೇಶದಲ್ಲಿ ಎಲ್ಲ ಬಗೆಹರಿಯುತ್ತದೆ. ಅಲ್ಲಿನ ಲೇಖಕಿಯರು ಶತ್ರುರಾಜ್ಯ, ರಕ್ತದ ಪ್ರತಿಜ್ಞೆ, ಎರಡು ಕುಲಗಳ ವೈರ ಎಂದು ಅಡ್ಡಿಗಳನ್ನು ಕಟ್ಟಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ನಮ್ಮ ಜಿಲ್ಲೆಯ ಹುಡುಗಿಗೆ ಅದು ಕಟ್ಟುಕಥೆಯಾಗಿ ಕಾಣುವುದಿಲ್ಲ. ‘ಆ ಕುಲದವನನ್ನು ನೀನು ನೋಡುವಂತಿಲ್ಲ’ ಎಂಬ ವಾಕ್ಯ ಅವಳಿಗೆ ಅನುವಾದವಿಲ್ಲದೆ ಅರ್ಥವಾಗುತ್ತದೆ. ಜಾತಿಯ ಬಗ್ಗೆ ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯರು ಎರಡು ಮಾಯಾರಾಜ್ಯಗಳ ಹಗೆತನದ ಬಗ್ಗೆ ಅರ್ಧ ಗಂಟೆ ಬಿಸಿಯಾಗಿ ಮಾತನಾಡಿದ್ದನ್ನು ಕೇಳಿದ್ದೇನೆ. ಯಾವುದರ ಬಗ್ಗೆ ಮಾತನಾಡುತ್ತಿದ್ದೇವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಯಾರೂ ಆ ಶಬ್ದ ಎತ್ತಲಿಲ್ಲ.

ಬಯಸಿದ ಹೆಣ್ಣಿಗೆ ದಂಡನೆಯಿಲ್ಲ ಎಂಬುದು ನನ್ನ ಕಣ್ಣಿಗೆ ಈ ಪುಸ್ತಕಗಳ ಬಹಳ ದೊಡ್ಡ ಆಕರ್ಷಣೆ. ಹೊಯ್ಸಳರ ಆಸ್ಥಾನದ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಇರುಳಿನಲ್ಲಿ ತೇಲಿಬಂದ ಮಾವುತನ ಹಾಡಿಗೆ ರಾಣಿ ಅಮೃತಮತಿ ಸೋಲುತ್ತಾಳೆ. ಅವನು ಕುರೂಪಿ ಎಂದು ತಿಳಿದ ಮೇಲೂ ಮನಸ್ಸು ಹಿಂದಕ್ಕೆ ಬರುವುದಿಲ್ಲ. ಕನ್ನಡದಲ್ಲಿ ಬಯಕೆಯ ಬಗ್ಗೆ ಇಷ್ಟು ಧೈರ್ಯದ ಚಿತ್ರ ಕಡಿಮೆ. ಆದರೆ ಕಾವ್ಯ ಅವಳನ್ನು ಕೊಲೆಗಾತಿಯಾಗಿಸಿ ನರಕಕ್ಕೆ ಕಳಿಸಿಯೇ ಮುಗಿಯುತ್ತದೆ. ನೀವು ಓದಿದ ತ್ರಿವೇಣಿಯವರ ‘ಶರಪಂಜರ’ದಲ್ಲಿ ಕಾವೇರಿಯನ್ನು ಸಮಾಜ ಮತ್ತೆ ಹುಚ್ಚಿಗೆ ದೂಡುತ್ತದೆ. ಲೇಖಕಿಯ ಸಿಟ್ಟು ಸಮಾಜದ ಮೇಲೆ, ಒಪ್ಪುತ್ತೇನೆ. ಬೆಲೆ ತೆರುವವಳು ಮಾತ್ರ ಕಾವೇರಿಯೇ. ನಮ್ಮೂರಿನ ಹಾಸನಾಂಬೆಯ ಗುಡಿಯಲ್ಲಿ ಸೊಸೆಕಲ್ಲು ಇದೆಯಲ್ಲ? ಅತ್ತೆಯ ಕಾಟಕ್ಕೆ ಸಿಕ್ಕ ಸೊಸೆ ದೇವಿಯ ಮೊರೆಹೊಕ್ಕು ಕಲ್ಲಾದಳು, ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತಾಳೆ ಎಂಬ ಐತಿಹ್ಯ. ಇದೂ ಮಾಯೆಯ ಕಥೆಯೇ: ದಾರಿ ಮುಚ್ಚಿದ ಹೆಣ್ಣಿಗೆ ಮಾಯೆ ಒಂದು ದಾರಿ ತೆರೆಯಿತು. ಆದರೆ ಸಿಕ್ಕ ಬಿಡುಗಡೆ ಕಲ್ಲಾಗುವುದು, ವೇಗ ವರ್ಷಕ್ಕೊಂದು ಅಕ್ಕಿಕಾಳು! ನಿಮ್ಮ ಮಗಳ ಪುಸ್ತಕದಲ್ಲಿ ಅದೇ ಸ್ಥಿತಿಯ ಹುಡುಗಿಗೆ ರೆಕ್ಕೆ ಮೂಡುತ್ತದೆ. ಅವಳು ಯಾವುದನ್ನು ಆರಿಸಿಕೊಂಡಾಳು ಎಂಬುದರಲ್ಲಿ ಅಚ್ಚರಿಯೇನಿದೆ?

ನಮ್ಮಲ್ಲಿ ದಂಡನೆಯಿಲ್ಲದ ಕಥೆಗಳೇ ಇಲ್ಲ ಎಂದಲ್ಲ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿ ಗಿರೀಶ ಕಾರ್ನಾಡರು ಬರೆದ ‘ನಾಗಮಂಡಲ’ದಲ್ಲಿ, ಗಂಡ ಬೀಗ ಹಾಕಿಟ್ಟ ರಾಣಿಯ ಬಳಿಗೆ ರಾತ್ರಿ ನಾಗ ಗಂಡನ ರೂಪದಲ್ಲಿ ಬರುತ್ತಾನೆ. ಹಗಲಿನವನು ಅವಳೊಡನೆ ಮಾತನಾಡುವುದಿಲ್ಲ. ಇರುಳಿನವನು ಅವಳ ತೌರಿನ ನೆನಪುಗಳನ್ನೆಲ್ಲ ಕುಳಿತು ಕೇಳುತ್ತಾನೆ. ದಿವ್ಯಪರೀಕ್ಷೆಯಲ್ಲಿ ಅವಳು ನಾಗರಹಾವು ಹಿಡಿದು ಗೆದ್ದು ಬರುತ್ತಾಳೆ. ಕೇಳಿಸಿಕೊಳ್ಳುವ ಮೃಗ ಕನ್ನಡದ ಅಜ್ಜಿಯರಿಗೂ ಪರಿಚಯವಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

‘ನಿನಗೆ ಅರ್ಥವಾಗುವುದಿಲ್ಲ ಅಮ್ಮ’ ಎಂಬ ಮಾತಿಗೆ ನೊಂದುಕೊಳ್ಳಬೇಡಿ. ಅಮೆರಿಕದ ವಿದ್ವಾಂಸೆ ಜಾನಿಸ್ ರಾಡ್‌ವೇ ಪ್ರೇಮಕಾದಂಬರಿ ಓದುವ ಒಂದು ಊರಿನ ಹೆಂಗಸರನ್ನು ಮಾತನಾಡಿಸಿ 1984ರಲ್ಲಿ ಒಂದು ಗ್ರಂಥ ಬರೆದರು. ಅವರಲ್ಲಿ ಹೆಚ್ಚಿನವರು ಗಂಡ, ಮಕ್ಕಳು, ಮನೆಗೆಲಸಗಳಲ್ಲಿ ಮುಳುಗಿದ್ದ ಗೃಹಿಣಿಯರು. ಪುಸ್ತಕದೊಳಗೆ ಏನಿದೆ ಎಂಬುದರಷ್ಟೇ, ಪುಸ್ತಕ ಹಿಡಿದು ಕುಳಿತಾಗ ಆ ಹೊತ್ತು ತಮ್ಮದೇ ಆಗಿರುತ್ತದೆ ಎಂಬುದೂ ಅವರಿಗೆ ಮುಖ್ಯವಾಗಿತ್ತು. ನೀವು ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ವಾರಪತ್ರಿಕೆಯ ಧಾರಾವಾಹಿ ಹಿಡಿದು ಕುಳಿತಾಗ ಯಾರಾದರೂ ಕರೆದರೆ ಎಷ್ಟು ಸಿಡುಕಾಗುತ್ತಿತ್ತು, ನೆನಪು ಮಾಡಿಕೊಳ್ಳಿ. ಮಗಳು ಮುಚ್ಚಿಕೊಂಡ ಬಾಗಿಲೂ ಅಂಥದ್ದೇ.

ಇಷ್ಟು ಹೊಗಳಿದ ಮೇಲೆ ತಕರಾರುಗಳನ್ನೂ ಹೇಳಬೇಕು. ನಾಯಕನಿಗೆ ಐನೂರು ವರ್ಷ, ನಾಯಕಿಗೆ ಹದಿನೇಳು. ನೋಡಲು ಇಪ್ಪತ್ತರವನಂತಿದ್ದಾನೆ ಎಂಬ ಸಮಜಾಯಿಷಿ ನನಗೆ ಒಪ್ಪಿಗೆಯಿಲ್ಲ. ಅಷ್ಟು ಲೋಕ ಕಂಡವನ ಮುಂದೆ ಶಾಲೆ ಮುಗಿಸದ ಹುಡುಗಿಯ ಒಪ್ಪಿಗೆಗೆ ಎಷ್ಟು ತೂಕ? ಎರಡನೆಯದಾಗಿ, ಹೊಟ್ಟೆಕಿಚ್ಚು, ಕಾವಲು, ಹಿಂಬಾಲಿಸುವಿಕೆ ಎಲ್ಲವನ್ನೂ ಗಾಢ ಪ್ರೀತಿಯ ಲಕ್ಷಣವೆಂದು ಚಿತ್ರಿಸುವ ಪುಸ್ತಕಗಳು ಧಾರಾಳವಾಗಿವೆ. ಇವು ‘ಇಲ್ಲ’ ಎಂಬುದನ್ನು ಕೇಳಿಸಿಕೊಳ್ಳದ ಮೃಗದ ಕಥೆಗಳು. ಹೊದಿಕೆ ಮಾತ್ರ ಅದೇ. ನನಗೆ ಇವೆಲ್ಲಕ್ಕಿಂತ ಹೆಚ್ಚು ಸಿಟ್ಟು ಬರುವುದು ‘ವಿಧಿಯೇ ಬೆಸೆದ ಜೋಡಿ’ ಎಂಬ ತಂತ್ರದ ಮೇಲೆ. ಇಬ್ಬರ ನಡುವೆ ಹುಟ್ಟಿನಿಂದಲೇ ಒಂದು ಮಾಯಾಬಂಧವಿದೆ, ಅದನ್ನು ಮುರಿಯಲಾಗದು ಎಂದಾದರೆ ಅವಳು ಆರಿಸಿಕೊಳ್ಳುವುದಕ್ಕೆ ಉಳಿದದ್ದೇನು? ಜಾತಕ ಕೂಡಿದೆ, ಇನ್ನು ಹುಡುಗಿಯನ್ನು ಕೇಳುವುದೇನಿದೆ ಎನ್ನುವ ನಮ್ಮ ಹಿರಿಯರಿಗೆ ರೆಕ್ಕೆ ಕಟ್ಟಿದಂತೆ ಅದು. ಒಳ್ಳೆಯ ಲೇಖಕಿಯರು ಆ ಬಂಧವನ್ನು ನಿರಾಕರಿಸುವ ಹಕ್ಕನ್ನು ನಾಯಕಿಗೆ ಉಳಿಸುತ್ತಾರೆ. ಈ ಒಂದು ವ್ಯತ್ಯಾಸದಿಂದ ಪುಸ್ತಕದ ಗುಣವನ್ನು ಹೆಚ್ಚುಕಡಿಮೆ ಅಳೆಯಬಹುದು.

ವಯಸ್ಸಿನ ವಿಷಯದಲ್ಲಿ ನೀವು ತಿಳಿದಿರಬೇಕಾದ್ದು ಒಂದಿದೆ. ‘ಯಂಗ್ ಅಡಲ್ಟ್’ ಎಂದರೆ ಪ್ರಕಾಶಕರ ಲೆಕ್ಕದಲ್ಲಿ ಸುಮಾರು ಹನ್ನೆರಡರಿಂದ ಹದಿನೆಂಟು ವರ್ಷದವರು. ಆದರೆ ಗೆರೆ ಗಟ್ಟಿಯಿಲ್ಲ. ಸುಂದರಿ ಮತ್ತು ಮೃಗದ ಕಥೆಯನ್ನೇ ಮರಳಿ ಹೇಳುವ ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್’ 2015ರಲ್ಲಿ ಹದಿಹರೆಯದವರ ಪುಸ್ತಕವೆಂದೇ ಬಂತು. 2020ರಲ್ಲಿ ಹೊಸ ಹೊದಿಕೆ ತೊಟ್ಟು ವಯಸ್ಕರ ಕಪಾಟಿಗೆ ಹೋಯಿತು. ಅದರಲ್ಲಿನ ಶೃಂಗಾರದ ಭಾಗಗಳು ಹಾಗಿವೆ. ರೆಬೆಕಾ ಯಾರೋಸ್ ಅವರ ‘ಫೋರ್ತ್ ವಿಂಗ್’ 2023ರಲ್ಲಿ ಬಂದಾಗಲೇ ವಯಸ್ಕರಿಗೆಂದು ಬಂದದ್ದು, ಆದರೂ ಡ್ರ್ಯಾಗನ್ ಇದೆಯೆಂದು ಮಕ್ಕಳ ಪುಸ್ತಕಗಳ ಪಕ್ಕದಲ್ಲೇ ಕುಳಿತಿರುತ್ತದೆ. ಮೊಬೈಲಿನಲ್ಲಿ ಹರಿದಾಡುವ ಕಳ್ಳ ಪಿಡಿಎಫ್‌ಗಳಲ್ಲಂತೂ ಬೆನ್ನುಪುಟದ ಎಚ್ಚರಿಕೆಯೂ ಇರುವುದಿಲ್ಲ. ಹದಿನೇಳರವಳು ಅಂಥ ನಾಲ್ಕು ಪುಟ ಓದಿದರೆ ಆಕಾಶ ಬೀಳುವುದಿಲ್ಲ. ಆದರೆ ಮನೆಯಲ್ಲಿ ಅವಳ ಹನ್ನೆರಡರ ತಂಗಿಯೂ ಇದ್ದರೆ, ಅಕ್ಕ ಓದಿಬಿಟ್ಟದ್ದೆಲ್ಲ ತಂಗಿಗೆ ದಾಟುವ ಪದ್ಧತಿಗೆ ಸ್ವಲ್ಪ ತಡೆ ಹಾಕಿ.

ಇಂಥ ಗಂಡನೇ ಬೇಕೆಂದರೆ? ರೆಕ್ಕೆ ಇಲ್ಲ ಎಂಬ ಕಾರಣಕ್ಕೆ ಯಾವ ಹುಡುಗಿಯೂ ಗಂಡನ್ನು ಬೇಡವೆಂದದ್ದು ನಾನು ಕಂಡಿಲ್ಲ. ಆ ಮಟ್ಟಿನ ವಿವೇಕ ಅವರಿಗಿದೆ. ತಾನು ಮಾತನಾಡುವಾಗ ಮೊಬೈಲ್ ಕೆಳಗಿಡುವವನು ಬೇಕು ಎಂದು ಅವಳು ಹಟ ಹಿಡಿಯಬಹುದು. ಹಿಡಿಯಲಿ ಬಿಡಿ.

ಕನ್ನಡ ಏಕೆ ಓದುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಿಮ್ಮ ಮಗಳಲ್ಲ, ಬರೆಯುವವರು ಮತ್ತು ಪ್ರಕಟಿಸುವವರು. ಮಕ್ಕಳ ಪದ್ಯ, ಮಕ್ಕಳ ಕಥೆ ಮುಗಿದ ಮೇಲೆ ನೇರವಾಗಿ ದೊಡ್ಡವರ ಕಾದಂಬರಿ. ನಡುವಿನ ಕಪಾಟು ಬಹುತೇಕ ಖಾಲಿ. ಪಕ್ಕದ ಮೂಡಿಗೆರೆಯಲ್ಲಿ ಕುಳಿತು ತೇಜಸ್ವಿಯವರು 1980ರಲ್ಲಿ ಕೊಟ್ಟ ‘ಕರ್ವಾಲೊ’ವನ್ನು ಇಂದಿಗೂ ಹದಿಹರೆಯದವರು ಎತ್ತಿಕೊಂಡರೆ ಕೆಳಗಿಡುವುದಿಲ್ಲ, ಹಾರುವ ಓತಿಯ ಬೆನ್ನುಹತ್ತಿದ ಆ ಬೆರಗಿಗೆ ಸಾಟಿಯಿಲ್ಲ. ಆದರೆ ಆ ಕಾಡಿಗೆ ಹೊರಟ ಗುಂಪಿನಲ್ಲಿ ಹದಿನೇಳರ ಹುಡುಗಿಯೊಬ್ಬಳು ಇಲ್ಲ. ಹಳೆಯದರಲ್ಲಿ ಸರಕು ಬೇಕಾದಷ್ಟಿದೆ. ಬಾಣನ ಕೃತಿಯನ್ನು ನಾಗವರ್ಮ ಕನ್ನಡಕ್ಕೆ ತಂದ ‘ಕರ್ಣಾಟಕ ಕಾದಂಬರಿ’ಯಲ್ಲಿ ಗಂಧರ್ವಕನ್ಯೆ ಮಹಾಶ್ವೇತೆ ಸತ್ತ ಪ್ರಿಯನಿಗಾಗಿ ಕಾಯುತ್ತಾಳೆ, ಚಂದ್ರನೇ ಶಾಪದಿಂದ ಮನುಷ್ಯನಾಗಿ ಹುಟ್ಟುತ್ತಾನೆ. ಯಕ್ಷಗಾನದವರು ಆಡುವ ಉಷಾಪರಿಣಯದಲ್ಲಿ ಬಾಣಾಸುರನ ಮಗಳು ಕನಸಿನಲ್ಲಿ ಕಂಡವನನ್ನು ಗೆಳತಿ ಚಿತ್ರಲೇಖೆ ಚಿತ್ರ ಬರೆದು ಗುರುತಿಸಿ, ದ್ವಾರಕೆಯಿಂದ ರಾತ್ರೋರಾತ್ರಿ ಎತ್ತಿಕೊಂಡು ಬರುತ್ತಾಳೆ. ಶತ್ರುವಿನ ಮೊಮ್ಮಗ, ಮಾಯೆ ಬಲ್ಲ ಗೆಳತಿ, ಕದ್ದ ಪ್ರೇಮ: ಇಂಗ್ಲಿಷಿನಲ್ಲಿ ಬಂದರೆ ನಿಮ್ಮ ಮಗಳು ಸಾಲಿನಲ್ಲಿ ನಿಂತು ಕೊಳ್ಳುತ್ತಾಳೆ. ಉಷೆಯ ಬಾಯಿಂದ, ಇಂದಿನ ಗದ್ಯದಲ್ಲಿ, ಅವಳ ವಯಸ್ಸಿನವರಿಗೆಂದು ಅದನ್ನು ಬರೆಯುವವರು ಬೇಕು.

ಅಲ್ಲಿಯವರೆಗೆ ಬೇರೊಂದು ದಾರಿಯಿದೆ. ನಮ್ಮೂರಿನ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದದ್ದು ಅವಳಿಗೂ ಗೊತ್ತಿರುತ್ತದೆ. ‘ಎದೆಯ ಹಣತೆ’ ಎಂಬ ಕಥೆಯನ್ನು ನೀವು ಕನ್ನಡದಲ್ಲಿ, ಅವಳು ಬೇಕಾದರೆ ದೀಪಾ ಭಾಸ್ತಿಯವರ ಇಂಗ್ಲಿಷಿನಲ್ಲಿ ಓದಿ. ಅದು ಸಾವಿನ ಅಂಚಿಗೆ ಹೋಗಿ ಬರುವ ಕಥೆ, ಅದಕ್ಕೇ ಜೊತೆಯಾಗಿ ಓದಿ ಎನ್ನುತ್ತಿದ್ದೇನೆ. ಅಲ್ಲಿ ಗಂಡನ ಮನೆ ಬಿಟ್ಟು ತೌರಿಗೆ ಬಂದವಳ ಮಾತನ್ನು ತೌರಿನವರೂ ಕೇಳಿಸಿಕೊಳ್ಳುವುದಿಲ್ಲ. ಕೊನೆಗೆ ಅವಳನ್ನು ತಡೆದು ನಿಲ್ಲಿಸುವವಳು ಹದಿಹರೆಯದ ಮಗಳು. ಮಾಯೆಯ ಲವಲೇಶವೂ ಇಲ್ಲದ ಕಥೆ. ಅದನ್ನು ಓದಿದ ಮೇಲೆ ಅವಳಿಗೆ ತುಂಬ ಇಷ್ಟವಾದ ಒಂದು ಕಾದಂಬರಿಯನ್ನು ಕೇಳಿ ಪಡೆದು ನೀವೂ ಓದಿ, ಬೇಸರವಾದ ಕಡೆ ಪುಟ ಹಾರಿಸಿಯಾದರೂ. ‘ನಾಯಕ ಹೇಗಿದ್ದಾನೆ’ ಎಂದು ಕೇಳಿದರೆ ನಾಚಿ ಎದ್ದು ಹೋಗುತ್ತಾಳೆ. ‘ಇವಳು ಇಲ್ಲ ಎಂದಾಗ ಅವನು ಏನು ಮಾಡಿದ’ ಎಂದು ಕೇಳಿ ನೋಡಿ.

ಪರೀಕ್ಷೆಯ ಮಾತು. ಕಿತ್ತಿಟ್ಟರೆ ಓದು ನಿಲ್ಲುವುದಿಲ್ಲ, ಹೊದಿಕೆಯೊಳಗಿನ ಮೊಬೈಲಿಗೆ ಹೋಗುತ್ತದೆ. ಕಣ್ಣಿಗೂ ಕೇಡು, ನಿದ್ದೆಗೂ ಕೇಡು. ಬದಲಿಗೆ ಒಂದು ಕರಾರು ಮಾಡಿಕೊಳ್ಳಿ, ಕರಾರಿನ ಭಾಷೆ ಅವಳಿಗೆ ಚೆನ್ನಾಗಿ ಗೊತ್ತು. ಈ ಸರಣಿಗಳ ಪ್ರತಿ ಸಂಪುಟವೂ ಮುಂದಿನದಕ್ಕೆ ಕೊಕ್ಕೆ ಹಾಕಿಯೇ ಮುಗಿಯುವುದರಿಂದ ಪರೀಕ್ಷೆಯ ಹಿಂದಿನ ಎರಡು ತಿಂಗಳು ಹೊಸ ಸರಣಿ ಆರಂಭಿಸುವಂತಿಲ್ಲ. ಓದಿ ಮುಗಿಸಿದ್ದನ್ನು ಮತ್ತೆ ಓದಬಹುದು, ರಾತ್ರಿ ಊಟದ ನಂತರ ಅರ್ಧ ಗಂಟೆ, ಕಾಗದದ ಪುಸ್ತಕ ಮಾತ್ರ. ಮುಂದೇನಾಗುತ್ತದೆಂದು ಗೊತ್ತಿರುವ ಪುಸ್ತಕ ನಿದ್ದೆ ಕೆಡಿಸುವುದಿಲ್ಲ. ಪರೀಕ್ಷೆ ಮುಗಿದ ದಿನ ಮುಂದಿನ ಸಂಪುಟವನ್ನು ನೀವೇ ಕೊಡಿಸಿ, ಆದರೆ ಕರಾರು ಮಾಡುವಾಗ ಯಾವ ಸಂಪುಟ, ಎಷ್ಟು ಬೆಲೆಯವರೆಗೆ ಎಂಬುದನ್ನು ಬಿಡಿಸಿ ಹೇಳಿ. ಇಲ್ಲವಾದರೆ ಇಡೀ ಸರಣಿಯನ್ನೇ ಒಂದು ಪೆಟ್ಟಿಗೆಯಲ್ಲಿ ತರಿಸಿಕೊಳ್ಳುವ ಸಂದನ್ನು ಅವಳು ಹುಡುಕಿಕೊಳ್ಳುತ್ತಾಳೆ.